ಮೂರು ಪೌಂಡಿನ ಏಪ್ರಿಲ್

ಬ್ರಿಟನ್ನಿನಲ್ಲಿ ಏಪ್ರಿಲ್ ಬಂತೆಂದರೆ ಕೌನ್ಸಿಲ್ ತೆರಿಗೆ, ನೀರಿನ ಬಿಲ್ಲು, ಟಿವಿ ಲೈಸೆನ್ಸು ಎಲ್ಲವೂ ಒಂದರ ಹಿಂದೊಂದರಂತೆ ಏರುತ್ತವೆ. ಆ ಗದ್ದಲದ ನಡುವೆ ಸದ್ದಿಲ್ಲದೆ ನುಸುಳಿ ಬರುವುದು ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ಕಂಪನಿಗಳ ಬೆಲೆ ಏರಿಕೆ. ತೆರಿಗೆ ಏರಿದರೆ ಬೈಯಲು ಒಂದು ಸರ್ಕಾರವಾದರೂ ಇರುತ್ತದೆ. ಇಲ್ಲಿ ನಾವೇ ಒಪ್ಪಿ ಸಹಿ ಹಾಕಿದ ಕರಾರಿನ ನಡುವೆ, ಅದೇ ಕರಾರಿನ ಷರತ್ತಿನ ಪ್ರಕಾರವೇ ಬೆಲೆ ಏರುವುದರಿಂದ ಬೈಗುಳಕ್ಕೆ ವಿಳಾಸವೇ ಸಿಗುವುದಿಲ್ಲ. ಅವಧಿ ಮುಗಿಯುವವರೆಗೆ ಕದಲಕೂಡದೆಂಬ ಕಟ್ಟು ಇರುವುದು ಗ್ರಾಹಕನಿಗೆ ಮಾತ್ರ. ಬೆಲೆ ಎಲ್ಲಿಗೆ ಬೇಕಾದರೂ ಹೋಗಿಬರಬಹುದು. ಬರುವುದನ್ನು ಯಾರೂ ನೋಡಿಲ್ಲ, ಆ ಮಾತು ಬೇರೆ.

ಹಿಂದೆ ಈ ಏರಿಕೆಗೆ ಬಹುಪಾಲು ಕಂಪನಿಗಳಲ್ಲಿ ಒಂದು ಸೂತ್ರವಿತ್ತು: ಡಿಸೆಂಬರ್ ತಿಂಗಳ ಹಣದುಬ್ಬರದ ಪ್ರಮಾಣಕ್ಕೆ ಶೇ 3.9 ಅನ್ನು ಕೂಡಿಸುವುದು. ಹಣದುಬ್ಬರದಿಂದ ಖರ್ಚು ಹೆಚ್ಚಿತೆಂಬ ಕಂಪನಿಯ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಆ 3.9 ಯಾವ ಸಂಕಟಕ್ಕೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. 2022ರ ಡಿಸೆಂಬರಿನಲ್ಲಿ ಹಣದುಬ್ಬರ ಶೇ 10.5 ಮುಟ್ಟಿದ್ದರಿಂದ ಮರುವರ್ಷ ಅನೇಕರ ಬಿಲ್ಲು ಒಮ್ಮೆಲೇ ಶೇ 14.4ರಷ್ಟು ಏರಿತು. ಸಂಬಳವೂ ಅದೇ ಪ್ರಮಾಣದಲ್ಲಿ ಏರಿದವರ ಪರಿಚಯ ನನಗಿಲ್ಲ.

ಜನರ ಗೊಣಗಾಟ ಕೊನೆಗೂ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್‌ನ ಕಿವಿಗೆ ಬಿದ್ದು, 2025ರ ಜನವರಿ 17ರಿಂದ ಆಗುವ ಕರಾರುಗಳಲ್ಲಿ ಹಣದುಬ್ಬರಕ್ಕೆ ಗಂಟು ಹಾಕಿದ ಏರಿಕೆ ಇರಕೂಡದು, ಎಷ್ಟು ಮತ್ತು ಯಾವಾಗ ಏರುತ್ತದೆಂಬುದನ್ನು ಪೌಂಡು, ಪೆನ್ನಿಗಳ ಲೆಕ್ಕದಲ್ಲಿ ಮೊದಲೇ ತಿಳಿಸಬೇಕು ಎಂಬ ನಿಯಮ ಬಂತು. ಆ ಫೆಬ್ರವರಿಯಲ್ಲಿ ನಾನು ತಿಂಗಳಿಗೆ 25 ಪೌಂಡಿನಂತೆ ಒಂದು ವರ್ಷದ ಕರಾರು ಮಾಡಿಕೊಂಡೆ. ಪ್ರತಿ ಏಪ್ರಿಲಿನಲ್ಲಿ 3 ಪೌಂಡು ಏರಿಕೆ ಎಂದು ದಪ್ಪಕ್ಷರಗಳಲ್ಲಿ ಬರೆದಿತ್ತು. ಕರಾರಿನ ಶಾಯಿ ಆರುವ ಮೊದಲೇ ಏಪ್ರಿಲ್ ಬಂತು. ಹಳೆಯ ಸೂತ್ರವೇ ಇದ್ದಿದ್ದರೆ, 2024ರ ಡಿಸೆಂಬರಿನ ಹಣದುಬ್ಬರ ಶೇ 2.5, ಅದಕ್ಕೆ 3.9 ಸೇರಿಸಿ ಶೇ 6.4, ಅಂದರೆ ನನ್ನ ಪಾಲಿಗೆ 1 ಪೌಂಡು 60 ಪೆನ್ನಿ ಏರುತ್ತಿತ್ತು. ಹೊಸ ನಿಯಮದ ಕೃಪೆಯಿಂದ ಏರಿದ್ದು ಶೇ 12. ತಿಂಗಳಿಗೆ 60 ಪೌಂಡು ಕೊಡುವ ಅನುಕೂಲಸ್ಥನಿಗೂ ಅದೇ ಮೂರು ಪೌಂಡು ಎಂದಾದರೆ ಅವನಿಗೆ ಬೀಳುವ ಹೊರೆ ಶೇ 5 ಮಾತ್ರ. ಪಾರದರ್ಶಕತೆ ಬಂದಿರುವುದಂತೂ ನಿಜ: ಮೊದಲು ಕತ್ತಲಲ್ಲಿ ಹೋಗುತ್ತಿದ್ದ ದುಡ್ಡು ಈಗ ಹಾಡುಹಗಲೇ ಹೋಗುತ್ತದೆ.

ತಡೆಯಲಾರದೆ ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಪಿಟೀಲು ಕೇಳಿಸಿದ ನಂತರ ಬಂದ ಹುಡುಗಿ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಮಾತನಾಡಿದಳು. ಕರಾರಿನಲ್ಲಿ ಇಲ್ಲದ ಏರಿಕೆ ಮಾಡಿದರೆ ದಂಡವಿಲ್ಲದೆ ಬಿಟ್ಟುಹೋಗಬಹುದಂತೆ. ಇದು ಕರಾರಿನಲ್ಲೇ ಇರುವುದರಿಂದ ಈಗ ಬಿಟ್ಟರೆ ಉಳಿದ ತಿಂಗಳುಗಳ ಲೆಕ್ಕದಲ್ಲಿ ದಂಡ ಕಟ್ಟಬೇಕಂತೆ.

“ಹಾಗಾದರೆ ನಿಮ್ಮ ಜಾಹೀರಾತಿನಲ್ಲಿ ಇದೇ ವೇಗಕ್ಕೆ 23 ಪೌಂಡು ಎಂದಿದೆಯಲ್ಲ?” ಎಂದೆ.

“ಸರ್, ಅದು ಹೊಸ ಗ್ರಾಹಕರಿಗೆ,” ಎಂದಳು. ದನಿಯಲ್ಲಿ ನಿಜವಾದ ಮರುಕವಿತ್ತು. ಕರೆ ಮುಗಿದ ಮರುಕ್ಷಣವೇ, ಈ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರೆಂಬ ಸಂದೇಶ ಬಂತು. ಹುಡುಗಿಗೆ ಹತ್ತು ಕೊಟ್ಟೆ. ಕಂಪನಿಗೆ ಅಂಕ ಕೊಡುವ ಜಾಗ ಅದರಲ್ಲಿ ಇರಲಿಲ್ಲ.

ಅವಧಿ ಮುಗಿಯುವ ಮೊದಲು ಗ್ರಾಹಕನಿಗೆ ಸೂಚನೆ ಕಳಿಸಲೇಬೇಕೆಂಬ ನಿಯಮ 2020ರಿಂದ ಇದೆ. ಆ ಸೂಚನೆ ಬಂದ ದಿನವೇ ನಾನು ಬೇರೆ ಕಂಪನಿಗೆ ಅರ್ಜಿ ಹಾಕಿದೆ. 2024ರ ಸೆಪ್ಟೆಂಬರಿನಿಂದ ಹೊಸ ಕಂಪನಿಗೆ ಹೇಳಿದರೆ ಸಾಕು, ಹಳೆಯದನ್ನು ಬಿಡಿಸುವ ಕೆಲಸವನ್ನೂ ಅವರೇ ನೋಡಿಕೊಳ್ಳುತ್ತಾರೆ. ಬೀಳ್ಕೊಡುಗೆಯ ಫೋನಿನಲ್ಲಿ ಕಣ್ಣೀರು ಹಾಕುವವರ ಕಾಟವಿಲ್ಲ. ಉಳಿದದ್ದು ಹಳೆಯ ರೌಟರನ್ನು ವಾಪಸು ಕಳಿಸುವುದು.

ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಪಕ್ಕದ ಮನೆಯ ಹಿರಿಯರು ನಿಂತಿದ್ದರು. ಅವರ ಕಂಕುಳಲ್ಲೂ ಒಂದು ರೌಟರಿನ ಪೊಟ್ಟಣ. ನಾನು ಸೇರುತ್ತಿರುವ ಕಂಪನಿ ಪ್ರತಿ ವರ್ಷ ಬೆಲೆ ಏರಿಸುತ್ತದೆಂದು ಬೇಸತ್ತು ಅವರು ಅದನ್ನು ಬಿಟ್ಟು, ನಾನು ಬಿಟ್ಟ ಕಂಪನಿಗೆ ಹೋಗುತ್ತಿದ್ದರು. ನಮ್ಮಿಬ್ಬರ ಮನೆಗೂ ಬರುವುದು ರಸ್ತೆಯ ಕೆಳಗಿನ ಅದೇ ಕೇಬಲ್ಲು. “ಅವರು ಗ್ರಾಹಕರನ್ನು ಹೇಗೆ ನೋಡಿಕೊಳ್ಳುತ್ತಾರೆ?” ಎಂದು ಕೇಳಿದರು.

“ಹೊಸಬರನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರೆ,” ಎಂದೆ.