ಬೆರಳು ತೆಗೆದರೂ ಬಂದೂಕು ತಿರುಗುತ್ತದೆ, ತಪ್ಪು ಮಾತ್ರ ನನ್ನದಂತೆ

ಮೂರನೇ ಸಲ ಸರ್ವಿಸ್ ಸೆಂಟರಿಗೆ ಹೋಗಿ ವಿಡಿಯೋ ಗೇಮ್ ಆಡೋ ಅದೇ ಹಾಳಾದ ಕಂಟ್ರೋಲರ್ ಹಿಡಿದುಕೊಂಡು ವಾಪಸ್ ಬಂದಿದ್ದೇನೆ. ಹೊಟ್ಟೆ ಉರಿಯುತ್ತಿದೆ.

ಹತ್ತು ತಿಂಗಳ ಹಿಂದೆ 5,400 ರೂಪಾಯಿ ಕೊಟ್ಟು ತಗೊಂಡಿದ್ದು. ಅದೂ ಒಂದೇ ಒಂದು ಗೇಮ್ ನೆಟ್ಟಗೆ ಆಡಬೇಕು ಅಂತ. ‘ದಿ ಅಸೆಂಟ್’. 2021ರ ಜುಲೈನಲ್ಲಿ ಬಂತು, ಸ್ವೀಡನ್ನಿನ ಉಪ್ಸಲಾದ ನಿಯಾನ್ ಜೈಂಟ್ ಅನ್ನೋ ಹತ್ತು ಹನ್ನೆರಡು ಜನರ ತಂಡ ಮಾಡಿದ್ದು. ವೆಲೆಸ್ ಅನ್ನೋ ಗ್ರಹದಲ್ಲಿ ಬೆಟ್ಟದಷ್ಟು ದೊಡ್ಡ ಕಟ್ಟಡ, ಅದರೊಳಗೇ ಇಡೀ ಊರು, ನಾವು ಅದರ ಯಜಮಾನ ಕಂಪನಿಗೆ ಜೀತಕ್ಕಿರುವ ಆಳು. ಒಂದು ದಿನ ಆ ಕಂಪನಿಯೇ ಮುಚ್ಚಿಹೋಗುತ್ತದೆ, ಹೇಳೋರು ಕೇಳೋರು ಇಲ್ಲ. ಮೇಲಿನಿಂದ ನೋಡುತ್ತಾ ಆಡುವ ಗೇಮ್. ಆದರೂ ಆ ದೀಪಗಳು, ಜನ, ಕಾಲ ಕೆಳಗಿನ ಮಹಡಿಯಲ್ಲೂ ನಡೆಯುತ್ತಿರುವ ಓಡಾಟ ನೋಡುತ್ತಾ ಸುಮ್ನೆ ನಿಂತುಬಿಡಬಹುದು.

ಕಂಟ್ರೋಲರಿನ ಮೇಲೆ ಹೆಬ್ಬೆರಳಿಂದ ವಾಲಿಸುವ ಎರಡು ಪುಟ್ಟ ಕಡ್ಡಿ ಇರುತ್ತವೆ, ಅವೇ ಸ್ಟಿಕ್. ಈ ಗೇಮಿನಲ್ಲಿ ಎಡ ಸ್ಟಿಕ್ ಓಡಾಡಲು, ಬಲ ಸ್ಟಿಕ್ ಗುರಿ ಇಡಲು. ಎಡ ಟ್ರಿಗರ್ ಗುಂಡಿ ಒತ್ತಿ ಹಿಡಿದರೆ ಬಂದೂಕು ಸೊಂಟದಿಂದ ಹೆಗಲಿಗೆ ಏರುತ್ತದೆ. ಅಡ್ಡಗೋಡೆ ಹಿಂದೆ ಕುಕ್ಕರಗಾಲಲ್ಲಿ ಕೂತು, ಬಂದೂಕನ್ನಷ್ಟೇ ಮೇಲೆತ್ತಿ ಹೊಡೆಯಬಹುದು. ಎಷ್ಟು ಚೆಂದ ಯೋಚಿಸಿದ್ದಾರೆ ಅಲ್ವಾ? ನನ್ನ ಬಂದೂಕು ಮಾತ್ರ ಹೆಬ್ಬೆರಳು ತೆಗೆದರೂ ತಾನಾಗಿಯೇ ಎಡಕ್ಕೆ, ಸ್ವಲ್ಪ ಮೇಲಕ್ಕೆ ತಿರುಗಿ ನಿಲ್ಲುತ್ತದೆ. ಕೆಳಗಿನ ಚರಂಡಿ ಭಾಗದಲ್ಲಿ ಆ ಪುಟ್ಟ ಪುಟ್ಟ ಜೀವಿಗಳು ಬಲಗಡೆಯಿಂದ ಗುಂಪಾಗಿ ನುಗ್ಗುತ್ತವೆ, ನಾನು ಎಡಗಡೆಯ ಪೈಪಿಗೆ ಗುಂಡು ಹೊಡೆಯುತ್ತಾ ಸಾಯುತ್ತೇನೆ. ಒಂದೇ ಜಾಗದಲ್ಲಿ ಹನ್ನೊಂದು ಸಲ.

ಮೊದಲ ಸಲ ಹೋದಾಗ ಕೌಂಟರಿನವನು ಸ್ಟಿಕ್ಕನ್ನು ಒಂದು ಸುತ್ತು ತಿರುಗಿಸಿದ. ಕಂಪ್ಯೂಟರಿಗೆ ಜೋಡಿಸಲಿಲ್ಲ, ಬಿಚ್ಚಿಯೂ ನೋಡಲಿಲ್ಲ. ‘ಜೋರಾಗಿ ಒತ್ತಿದೀರಾ ಸರ್, ಇದು ವಾರಂಟಿಗೆ ಬರಲ್ಲ’ ಅಂದ. ಜಗಳ ಆಡಿ ಕೊಟ್ಟು ಬಂದೆ. ಹದಿನೆಂಟು ದಿನ ಆದ ಮೇಲೆ ‘ದೋಷ ಕಂಡುಬಂದಿಲ್ಲ’ ಅನ್ನೋ ಚೀಟಿ ಅಂಟಿಸಿ ಕೊಟ್ಟರು. ಮನೆಗೆ ತಂದು ಹಾಕಿದ ಒಂದೇ ನಿಮಿಷಕ್ಕೆ ಬಂದೂಕು ಎಡಕ್ಕೆ! ಇವತ್ತು ವಿಡಿಯೋ ಮಾಡಿಕೊಂಡೇ ಹೋದೆ. ಪೂರ್ತಿ ನೋಡಲೂ ಇಲ್ಲ. ‘ಸ್ಟಿಕ್ ಸವೆಯೋ ಪಾರ್ಟ್ ಸರ್’ ಅಂದರು. ಬಿಲ್ಲಿನ ಹಿಂದೆ ಒಂದು ವರ್ಷ ಅಂತ ಅಚ್ಚಾಗಿದೆ. ಸ್ಟಿಕ್ ಬಿಟ್ಟು ಅಂತ ಎಲ್ಲಿ ಬರೆದಿದೆ, ತೋರಿಸಿ ಅಂದೆ. ಉತ್ತರ ಇಲ್ಲ, ಮುಂದಿನ ಟೋಕನ್ ಕೂಗಿದರು.

ಸವೆಯುತ್ತದೆ ಅಂತ ನನಗೂ ಗೊತ್ತು ಸ್ವಾಮಿ. ಈ ಸ್ಟಿಕ್ಕಿನ ಬುಡದಲ್ಲಿ ಇಂಗಾಲ ಬಳಿದ ಸಣ್ಣ ಪಟ್ಟಿ ಇರುತ್ತದೆ, ಅದರ ಮೇಲೆ ಲೋಹದ ತುದಿ ಉಜ್ಜುತ್ತಾ ಓಡಾಡುತ್ತದೆ, ಪಟ್ಟಿ ಸವೆದಂತೆ ನಡುಮಧ್ಯ ಎಲ್ಲಿದೆ ಅನ್ನೋದೇ ಅದಕ್ಕೆ ತಪ್ಪಿಹೋಗುತ್ತದೆ. ಇದು ಅದರ ರಚನೆಯಲ್ಲೇ ಇರುವ ಕೊರತೆ, ನನ್ನ ಬೆರಳಿನ ತಪ್ಪಲ್ಲ. ಉಜ್ಜಾಟವೇ ಇಲ್ಲದೆ ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಸ್ಟಿಕ್ ಹೊಸದೇನಲ್ಲ, 1998ರಲ್ಲಿ ಬಂದ ಗೇಮ್ ಯಂತ್ರ ಡ್ರೀಮ್‌ಕಾಸ್ಟಿನ ಕಂಟ್ರೋಲರಿನಲ್ಲೇ ಇತ್ತು. ಸವೆಯುವುದನ್ನೇ ಹಾಕಿ ಮಾರೋದು ನೀವು, ಸವೆದಾಗ ಬೈಸಿಕೊಳ್ಳೋದು ನಾನಾ?

ಡೆಡ್‌ಝೋನ್ ಜಾಸ್ತಿ ಮಾಡಿ, ಅಂದರೆ ಸ್ಟಿಕ್ ನಡುವಿನಿಂದ ಸ್ವಲ್ಪ ಅಲುಗಿದರೆ ಗೇಮ್ ಲೆಕ್ಕಕ್ಕೆ ತಗೊಳ್ಳದ ಹಾಗೆ ಮಾಡಿ, ಅಂತ ಯಾರೂ ಹೇಳಬೇಡಿ. ಮಾಡಿದ್ದೇನೆ. ತಿರುಗೋದು ನಿಂತಿತು, ಜೊತೆಗೆ ಕೂದಲೆಳೆಯಷ್ಟು ಗುರಿ ಸರಿಸೋದೂ ನಿಂತಿತು. ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಒರೆಸಿದೆ, ನಾಲ್ಕು ದಿನ ಬಂತು ಅಷ್ಟೇ. ಮೌಸ್ ಹಿಡಿದೂ ಆಡಿ ನೋಡಿದೆ, ನನಗೆ ಒಗ್ಗಲಿಲ್ಲ.

ಭಾನುವಾರ ರಾತ್ರಿ ಮಂಗಳೂರಿನಿಂದ ನನ್ನ ಗೆಳೆಯ ಆನ್‌ಲೈನ್ ಬರುತ್ತಾನೆ, ಇಬ್ಬರೂ ಸೇರಿ ಆಡುತ್ತೇವೆ. ಕೆಲಸ ಸಿಕ್ಕಿ ಊರು ಬೇರೆಯಾದ ಮೇಲೆ ನಾವಿಬ್ಬರೂ ನೆಮ್ಮದಿಯಾಗಿ ಮಾತಾಡೋದೇ ಆ ಎರಡು ಗಂಟೆ. ಮೂರು ವಾರದಿಂದ ಅದೂ ಇಲ್ಲ. ಈ ಭಾನುವಾರವೂ ಆಗಲ್ಲ ಕಣೋ ಅಂತ ಈಗಷ್ಟೇ ಮೆಸೇಜ್ ಹಾಕಿದೆ.