ಏರಿಯಲ್ ಖಾಲಿಯಾಗಿದೆ

ಸೋಮವಾರದಿಂದ ಏರಿಯಲ್ ಅನ್ನೋ ಹೆಸರು ಕೇಳಿದರೇ ನನಗೆ ಮೈ ಉರಿಯುತ್ತಿದೆ.

ನಮ್ಮ ಅಮೆರಿಕದ ಕ್ಲೈಂಟ್ ಕಡೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಹೆಸರು ಏರಿಯಲ್. ಮಗಳ ಜೊತೆ ಕೂತು ಡಿಸ್ನಿ ಸಿನಿಮಾದ ಏರಿಯಲ್ ಅನ್ನೋ ಆ ಕೆಂಪು ಕೂದಲಿನ ಮತ್ಸ್ಯಕನ್ಯೆಯನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದವಳು ನಾನು. ಸಿನಿಮಾ ಬಂದಿದ್ದು 1989ರಲ್ಲಿ. 1991ರ ಹೊತ್ತಿಗೆ ಅಮೆರಿಕದ ಹೆಣ್ಣುಮಕ್ಕಳ ಹೆಸರುಗಳಲ್ಲಿ ಏರಿಯಲ್ 66ನೇ ಜಾಗಕ್ಕೆ ಬಂದಿತ್ತು. ಹಾಗಾದರೆ ಇವಳಿಗೆ ಮೂವತ್ತು ದಾಟಿರಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕಿ, ಎರಡು ವಾರ 'ಮಿಸ್ ಏರಿಯಲ್' ಅಂತ ಮೇಲ್ ಬರೆದೆ. ಸೋಮವಾರ ಕ್ಯಾಮೆರಾ ಆನ್ ಆಯ್ತು. ಎದೆವರೆಗೆ ಗಡ್ಡ!

ಹೀಬ್ರೂವಿನಲ್ಲಿ ಅದು ಗಂಡಸರ ಹೆಸರು, 'ದೇವರ ಸಿಂಹ' ಅಂತ ಅರ್ಥ. ಇಸ್ರೇಲಿನ ಪ್ರಧಾನಿಯಾಗಿದ್ದ ಏರಿಯಲ್ ಶರೋನ್ ಹೆಸರನ್ನು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಬೇಕಾದಾಗ ಮಾತ್ರ ನೆನಪಾಗಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮನೆಯಲ್ಲಿ ಅಮ್ಮ ಇದ್ದಾಳೆ. ಅಮ್ಮನಿಗೆ ಟೂತ್‌ಪೇಸ್ಟ್ ಅಂದರೆ ಕೋಲ್ಗೇಟು, ಪಾತ್ರೆ ಸೋಪು ಅಂದರೆ ವಿಮ್ಮು. ನಾನು ಆ ಗಡ್ಡಕ್ಕೆ ಕ್ಷಮೆ ಕೇಳುತ್ತಿದ್ದಾಗಲೇ ಹಿಂದಿನಿಂದ ಕೂಗು ಬಂತು: "ಏರಿಯಲ್ ಖಾಲಿ ಆಗಿದೆ ಕಣೇ!"

ಮ್ಯೂಟ್ ಮಾಡಿರಲಿಲ್ಲ.

ಸ್ಕ್ರೀನಿನಲ್ಲಿದ್ದವರು ಮುಂದಕ್ಕೆ ಬಗ್ಗಿ "ಯೆಸ್?" ಅಂದರು. ಅಮ್ಮ ಖಾಲಿ ಪ್ಯಾಕೆಟ್ ಹಿಡಿದು ಸೀದಾ ಒಳಗೇ ಬಂದಳು. ಅದನ್ನು ಕ್ಯಾಮೆರಾ ಮುಂದೆಯೇ ತಲೆಕೆಳಗು ಮಾಡಿ ಕೊಡವಿದಳು. "ಮೂರು ದಿನದಿಂದ ಏರಿಯಲ್ ಏರಿಯಲ್ ಅಂತ ಬಡ್ಕೋತಿದೀನಿ!"

"ಯೆಸ್, ಯೆಸ್," ಅಂದರು ಅವರು, ಪಾಪ.

"ಇವರ್ಯಾರೇ?"

"ಏರಿಯಲ್ ಅಂತ."

ಅಮ್ಮ ಪ್ಯಾಕೆಟ್ ನೋಡಿದಳು. ಗಡ್ಡ ನೋಡಿದಳು. ಮತ್ತೆ ಪ್ಯಾಕೆಟ್ ನೋಡಿದಳು. "ಸುಮ್ನಿರೇ, ತಮಾಷೆ ಮಾಡ್ಬೇಡ."

ಅವತ್ತಿನಿಂದ ದಿನಾ ಸಂಜೆ, ಕಾಫಿ ಕೊಡುತ್ತಾ ಅದೇ ಪ್ರಶ್ನೆ: "ಸೋಪಿನ ಪುಡಿ ಫೋನ್ ಮಾಡಿದ್ನಾ?" ನಿನ್ನೆ ಮನೆಗೆ ಬಂದ ಅತ್ತೆಯ ಎದುರಿಗೂ ಕೇಳಿದಳು. ನಾನು ಕೆಲಸ ಬಿಟ್ಟು ಏಜೆನ್ಸಿ ತಗೊಂಡಿದ್ದೇನೆ ಅಂತ ಅತ್ತೆ ನಂಬಿದ್ದಾರೆ.

ರಾತ್ರಿ ಮಗಳು ಕಥೆ ಕೇಳಿದಳು. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ 1837ರಲ್ಲಿ ಬರೆದ ಮತ್ಸ್ಯಕನ್ಯೆಯ ಮೂಲ ಕಥೆಯನ್ನೇ ಹೇಳಿದೆ. ಅದರಲ್ಲಿ ಆ ಹುಡುಗಿಗೆ ಹೆಸರೇ ಇಲ್ಲ. ದನಿ ಕೊಟ್ಟು ಕಾಲು ಪಡೆಯುತ್ತಾಳೆ, ರಾಜಕುಮಾರ ಬೇರೆಯವಳನ್ನು ಮದುವೆಯಾಗುತ್ತಾನೆ, ಇವಳು ಸಮುದ್ರದ ನೊರೆಯಾಗಿ ಕರಗುತ್ತಾಳೆ. ಆಮೇಲೆ ಗಾಳಿಯ ಮಗಳಾಗುತ್ತಾಳೆ ಅಂತ ಹೇಳುವಷ್ಟರಲ್ಲಿ ಮಗಳು ಮುಖ ಆಚೆ ತಿರುಗಿಸಿದ್ದಳು. ನನಗೂ ಗಂಟಲು ಕಟ್ಟಿತು. ಅಷ್ಟೆಲ್ಲಾ ಕಷ್ಟಪಟ್ಟವಳನ್ನು ಯಾರೂ ಒಂದು ಸಲ ಹೆಸರು ಹಿಡಿದು ಕರೆಯಲಿಲ್ಲವಲ್ಲ!

"ನೊರೆನಾ?" ಅಂದಳು ಅಮ್ಮ, ಕತ್ತಲಲ್ಲಿ. "ಅದಕ್ಕೇ ಆ ಹೆಸರಿಟ್ಟಿರೋದು."

ಇವತ್ತು ಏಳೂವರೆಗೆ ಮತ್ತೆ ಕಾಲ್ ಇದೆ. ಎರಡು ಕೆಜಿ ಪ್ಯಾಕೆಟ್ಟನ್ನೇ ತಂದಿಟ್ಟಿದ್ದೇನೆ.