ಬಾಗ್ದಾದ್ ಬೀದಿಗೆ ಇಳಿದ ಆ ರಾತ್ರಿ

2016ರ ನವೆಂಬರ್ 5. ನಮ್ಮ ಬೆಂಗಳೂರು ಎಫ್‌ಸಿ, ಏಷ್ಯಾದ ಫುಟ್‌ಬಾಲ್ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ಆಡಿದ ದಿನ. ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ಮ್ಯಾಚು ದೋಹಾದಲ್ಲಿ, ನಾನು ನೀಲಿ ಜರ್ಸಿ ಹಾಕಿಕೊಂಡು ಗೆಳೆಯನ ಮನೆಯ ಟಿವಿ ಮುಂದೆ. 70ನೇ ನಿಮಿಷದಲ್ಲಿ ಎದುರಾಳಿ ತಂಡದ ಹಮ್ಮಾದಿ ಅಹ್ಮದ್ ಗೋಲು ಹೊಡೆದ. 1-0. ಅಷ್ಟೇ, ಮುಗಿಯಿತು. ಗೆಳೆಯನ ಅಮ್ಮ ಮಾಡಿಟ್ಟಿದ್ದ ಚಿತ್ರಾನ್ನ ತಟ್ಟೆಯಲ್ಲೇ ಆರಿಹೋಗಿತ್ತು.

ಗೆದ್ದವರು ಇರಾಕಿನ ಅಲ್ ಕುವ್ವಾ ಅಲ್ ಜವಿಯಾ. ವಾಯುಸೇನೆಯ ಕ್ಲಬ್ಬು. ಸಿಟ್ಟಿನಲ್ಲೇ ಅವರ ಬಗ್ಗೆ ಓದಲು ಕೂತೆ. ಓದುತ್ತಾ ಹೋದ ಹಾಗೆ ಸಿಟ್ಟು ಇಳಿಯಿತು. ಅವರು ತಮ್ಮ ದೇಶದಲ್ಲಿ ಆ ಫೈನಲ್ ಆಡುವ ಹಾಗೇ ಇರಲಿಲ್ಲ. ಅದೇ ಹೊತ್ತಿಗೆ ಮೊಸುಲ್‌ನಲ್ಲಿ ಐಸಿಸ್ ವಿರುದ್ಧ ಯುದ್ಧ ನಡೆಯುತ್ತಿತ್ತು. ಸೆಮಿಫೈನಲ್‌ನಲ್ಲಿ ನಮ್ಮ ಹುಡುಗರು ಮಲೇಷ್ಯಾದ ಜೊಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಮಣಿಸಿದಾಗ ನಾವೆಲ್ಲ ಗಂಟಲು ಹರಿಯುವ ಹಾಗೆ ಕಿರುಚಿದ್ದೆವು. ಅವರಿಗೆ ಅಂಥ ಒಂದು ಸಂಜೆಯೂ ಸಿಕ್ಕಿರಲಿಲ್ಲ.

ಹಾಗೆ ಓದುತ್ತಲೇ ಇರಾಕ್ ದೇಶದ ತಂಡ ಆಡಿದ 2007ರ ಏಷ್ಯನ್ ಕಪ್‌ಗೆ ಬಂದು ನಿಂತೆ.

ಇರಾಕಿನ ಸಮಾರಾದಲ್ಲಿ ಶಿಯಾಗಳ ಪವಿತ್ರ ಮಸೀದಿ ಸ್ಫೋಟವಾಗಿ ಒಂದೂವರೆ ವರ್ಷ ಆಗಿತ್ತು. ಶಿಯಾ, ಸುನ್ನಿ ಅಂತ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ. ಚೆಕ್‌ಪೋಸ್ಟ್‌ನಲ್ಲಿ ಗುರುತಿನ ಚೀಟಿ ತೋರಿಸಿದರೆ ಹೆಸರು ನೋಡಿಯೇ ಜೀವ ತೆಗೆಯುವವರಿದ್ದರು. ಒಂದು ಕಡೆ ಉಮರ್ ಅಂತ ಸುನ್ನಿ ಹೆಸರಿದ್ದರೆ ಕಷ್ಟ, ಇನ್ನೊಂದು ಕಡೆ ಅಲಿ ಅಂತ ಶಿಯಾಗಳಲ್ಲಿ ಹೆಚ್ಚಿನ ಹೆಸರಿದ್ದರೆ ಕಷ್ಟ. ಜನ ಸುಳ್ಳು ಚೀಟಿ ಮಾಡಿಸಿಕೊಳ್ಳುತ್ತಿದ್ದರು. ತಂಡ ಅಭ್ಯಾಸ ಮಾಡಿದ್ದು ಜೋರ್ಡನ್‌ನ ಅಮ್ಮಾನ್‌ನಲ್ಲಿ. ಕೋಚ್ ಜೋರ್ವನ್ ವಿಯೆರಾ ಬ್ರೆಜಿಲ್‌ನವರು, ಕೈಯಲ್ಲಿ ಇದ್ದದ್ದು ಎರಡು ತಿಂಗಳು. ಟೂರ್ನಿಗೆ ಸ್ವಲ್ಪ ಮುಂಚೆ ತಂಡದ ಫಿಸಿಯೋ ಬಾಂಬ್‌ಗೆ ಬಲಿಯಾದರು.

ಅಂಥ ತಂಡ ಆಸ್ಟ್ರೇಲಿಯಾವನ್ನು 3-1ರಿಂದ ಸೋಲಿಸಿತು. ಆಮೇಲೆ ವಿಯೆಟ್ನಾಂ. ಜುಲೈ 25ರ ಸೆಮಿಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು ಪೆನಾಲ್ಟಿಯಲ್ಲಿ 4-3ರಿಂದ ಮುಗಿಸಿತು. ಬಾಗ್ದಾದ್‌ನಲ್ಲಿ ಜನ ಬಾವುಟ ಹಿಡಿದು ಬೀದಿಗೆ ಬಂದರು. ಅವರ ನಡುವೆಯೇ ಎರಡು ಕಾರ್ ಬಾಂಬ್ ಸಿಡಿದವು. ಸುಮಾರು 50 ಜನ ಸತ್ತರು. ಮಗನನ್ನು ಕಳೆದುಕೊಂಡ ಒಬ್ಬ ತಾಯಿ, ಕಪ್ ಗೆಲ್ಲುವವರೆಗೂ ಮಗನನ್ನು ಮಣ್ಣು ಮಾಡುವುದಿಲ್ಲ ಎಂದಳು ಅನ್ನೋದನ್ನು ಆಟಗಾರರೇ ಆಮೇಲೆ ಹೇಳಿಕೊಂಡಿದ್ದಾರೆ. ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗರ ತಲೆ ಮೇಲೆ ಇಂಥ ಭಾರ ಹೊರಿಸಿದರೆ ಏನಾಗಬೇಡ?

ಜುಲೈ 29. ಜಕಾರ್ತಾ. ಎದುರಿಗೆ ಸೌದಿ ಅರೇಬಿಯಾ. (ಇದೇ ಸ್ಟೇಡಿಯಂನಲ್ಲೇ 1962ರಲ್ಲಿ ನಮ್ಮವರು ಕೊರಿಯಾವನ್ನು ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ತಂದದ್ದು. ಆಮೇಲಿನ ಕಥೆ ಬೇಡ ಬಿಡಿ.) ಎರಡನೇ ಅರ್ಧದಲ್ಲಿ ಹವಾರ್ ಮುಲ್ಲಾ ಮೊಹಮ್ಮದ್ ಕಾರ್ನರ್ ಒದ್ದ, ನಾಯಕ ಯೂನಿಸ್ ಮಹಮೂದ್ ತಲೆ ಕೊಟ್ಟ. 1-0. ಇರಾಕ್ ಮೊದಲ ಸಲ ಏಷ್ಯಾದ ಚಾಂಪಿಯನ್.

ಕಾರ್ನರ್ ಒದ್ದವನು ಕುರ್ದ್. ಗೋಲು ಹೊಡೆದವನು ಸುನ್ನಿ. ಮಧ್ಯದಲ್ಲಿ ಆಟ ಕಟ್ಟಿದ ನಶಾತ್ ಅಕ್ರಮ್ ಶಿಯಾ. ಇದಕ್ಕಿಂತ ಚೆನ್ನಾಗಿ ಬರೆದುಕೊಡಲು ಯಾರಿಗೂ ಆಗಲ್ಲ. ಅದಕ್ಕೇ ಪ್ರತಿ ವರ್ಷ ಜುಲೈನಲ್ಲಿ ಯಾರಾದರೂ ಪೋಸ್ಟ್ ಹಾಕುತ್ತಾರೆ, "ಒಡೆದ ದೇಶವನ್ನು ಫುಟ್‌ಬಾಲ್ ಒಂದು ಮಾಡಿತು" ಅಂತ.

ನನ್ನ ತಕರಾರು ಇರುವುದು ಇಲ್ಲೇ. ಮಾಡಲಿಲ್ಲ ಸ್ವಾಮಿ. ಮುಂದಿನ ವರ್ಷ ಕೊಲೆಗಳು ಕಡಿಮೆಯಾದದ್ದು ನಿಜ. ಆದರೆ ಅದಕ್ಕೆ ಕಾರಣ ಬೇರೆ. ಅಮೆರಿಕ ಜಾಸ್ತಿ ಸೈನ್ಯ ಇಳಿಸಿತ್ತು, ಸುನ್ನಿ ಬುಡಕಟ್ಟುಗಳು ಅಲ್ ಖೈದಾ ವಿರುದ್ಧ ತಿರುಗಿಬಿದ್ದಿದ್ದವು. ಜೊತೆಗೆ, ಒಟ್ಟಿಗೆ ಬದುಕುತ್ತಿದ್ದ ಎಷ್ಟೋ ಬಡಾವಣೆಗಳು ಅಷ್ಟರಲ್ಲಿ ಖಾಲಿಯಾಗಿ ಬೇರೆಬೇರೆ ಆಗಿಹೋಗಿದ್ದವು. ತಂಡಕ್ಕೆ ಸನ್ಮಾನ ಕೂಡ ಬಾಗ್ದಾದ್‌ನ ಬಿಗಿ ಕಾವಲಿನ ಸರ್ಕಾರಿ ಪ್ರದೇಶವಾದ ಗ್ರೀನ್ ಝೋನ್‌ನ ಗೋಡೆಗಳ ಒಳಗೆ ನಡೆಯಿತು. ಅಮೆರಿಕ ಇರಾಕ್ ಬಿಟ್ಟು ಹೋಗಲಿ ಅಂತ ಬಹಿರಂಗವಾಗಿ ಹೇಳಿದ ನಾಯಕ ಯೂನಿಸ್ ಅದಕ್ಕೆ ಬರಲೇ ಇಲ್ಲ. ಊರಿಗೆ ಹೋದರೆ ಜೀವಕ್ಕೆ ಅಪಾಯ ಅಂತ ಅವನಿಗೆ ಗೊತ್ತಿತ್ತು.

ಹಾಗಂತ ಇದೆಲ್ಲ ಪೊಳ್ಳು ಅನ್ನುವವರ ಜೊತೆಗೂ ನಾನಿಲ್ಲ. ನನ್ನ ಗೆಳೆಯನೇ ಒಮ್ಮೆ ಅಂದ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅಂತ. ಮೇಲ್ನೋಟಕ್ಕೆ ಸರಿ ಅನ್ನಿಸುತ್ತೆ, ಅಲ್ವಾ? ಆದರೆ ನಾಲ್ಕು ದಿನದ ಹಿಂದೆ ಸಂಭ್ರಮಿಸಿದವರು ಸತ್ತಿದ್ದರು ಅನ್ನೋದು ಫೈನಲ್ ನೋಡಿದ ಪ್ರತಿಯೊಬ್ಬನಿಗೂ ಗೊತ್ತಿತ್ತು. ವಾಹನ ಓಡಾಟಕ್ಕೆ ಕರ್ಫ್ಯೂ ಹಾಕಿದ್ದರು. ಆದರೂ ಜನ ನಡೆದುಕೊಂಡೇ ಬಂದರು. ಸಂತೋಷಕ್ಕೆ ಗಾಳಿಯಲ್ಲಿ ಹಾರಿಸಿದ ಗುಂಡಿಗೂ ಕೆಲವರು ಬಲಿಯಾದರು. ಹೂವು ಮುಡಿಯಲು ಜೀವ ಪಣಕ್ಕಿಡಬೇಕಾದ ಊರಲ್ಲಿ ಅದನ್ನು ಶೋಕಿ ಅನ್ನಬೇಡ ಮಾರಾಯ ಅಂತ ಅವನಿಗೆ ಹೇಳಿದೆ. ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದವರು ಒಂದು ರಾತ್ರಿ ಪಕ್ಕದವನ ಹೆಸರು ಕೇಳದೆ ಕುಣಿದರು. ನನಗೆ ಅಷ್ಟು ಸಾಕು. ಅದರ ಮೇಲೆ ದೇಶ ಕಟ್ಟುವ ಕೆಲಸವನ್ನೂ ಹೇರುವುದು ಬೇಡ.

ಹೇರಲು ಕಾದಿದ್ದವರಿಗೆ ಕೊರತೆ ಏನೂ ಇರಲಿಲ್ಲ. ಇರಾಕಿನ ಸರ್ವಾಧಿಕಾರಿಯಾಗಿದ್ದ ಸದ್ದಾಂನ ಮಗ ಉದಯ್ ಅಲ್ಲಿನ ಒಲಿಂಪಿಕ್ ಸಮಿತಿಯ ಮುಖ್ಯಸ್ಥನಾಗಿದ್ದಾಗ ಸೋತ ಆಟಗಾರರನ್ನು ಜೈಲಿಗೆ ಹಾಕಿಸಿ ಹೊಡೆಸುತ್ತಿದ್ದ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಇರಾಕ್ ಪೋರ್ಚುಗಲ್ ಅನ್ನು 4-2ರಿಂದ ಮಣಿಸಿ ನಾಲ್ಕನೇ ಸ್ಥಾನಕ್ಕೆ ಬಂತು. ಆ ಒಲಿಂಪಿಕ್ಸ್‌ನಲ್ಲಿ ಇರಾಕ್ ಆಡುತ್ತಿದ್ದದ್ದನ್ನೇ ಅಮೆರಿಕದ ಅಧ್ಯಕ್ಷರಾಗಿದ್ದ ಬುಷ್ ತಮ್ಮ ಚುನಾವಣಾ ಜಾಹೀರಾತಿಗೆ ಬಳಸಿಕೊಂಡರು. ಆಟಗಾರರು ಉರಿದುಬಿದ್ದರು. ಚೆಂಡು ಒದೆಯುವವನು ಒಬ್ಬ, ಹಾರ ಹಾಕಿಸಿಕೊಳ್ಳಲು ಕತ್ತು ಚಾಚುವವನು ಇನ್ನೊಬ್ಬ.

2023ರ ಜನವರಿಯಲ್ಲಿ ಗಲ್ಫ್ ದೇಶಗಳ ಫುಟ್‌ಬಾಲ್ ಟೂರ್ನಿಯಾದ ಗಲ್ಫ್ ಕಪ್ ಇರಾಕಿನ ಬಸ್ರಾದಲ್ಲಿ ನಡೆಯಿತು. 1979ರ ನಂತರ ಆ ದೇಶದಲ್ಲಿ ಅದು ಮೊದಲ ಸಲ. ಫೈನಲ್ ದಿನ ಬೆಳಿಗ್ಗೆಯೇ ಸ್ಟೇಡಿಯಂ ಹೊರಗೆ ಟಿಕೆಟ್ ಇಲ್ಲದವರೂ ಸೇರಿ ಎಷ್ಟು ಜನ ಬಂದರೆಂದರೆ, ನೂಕುನುಗ್ಗಲಿನಲ್ಲಿ ಸಾವೂ ಆಯಿತು. ಅದು ಬೇಜಾರಿನ ಸಂಗತಿ, ವ್ಯವಸ್ಥೆ ಇನ್ನೂ ನೆಟ್ಟಗಾಗಿಲ್ಲ ಅನ್ನೋದರ ಗುರುತೂ ಹೌದು. ಮ್ಯಾಚಿನಲ್ಲಿ ಹೆಚ್ಚುವರಿ ಸಮಯವೂ ಮುಗಿದು ಇಂಜುರಿ ಟೈಮ್ ನಡೆಯುವಾಗ ಮನಾಫ್ ಯೂನಿಸ್ ತಲೆಯಿಂದ ಗೋಲು ಬಂದು ಇರಾಕ್ ಒಮಾನ್ ವಿರುದ್ಧ 3-2ರಿಂದ ಗೆದ್ದಿತು.

ನಾನು ಮೊಬೈಲಿನಲ್ಲಿ ಜಾಸ್ತಿ ನೋಡಿದ್ದು ಗೋಲುಗಳನ್ನಲ್ಲ. ಗಲ್ಫ್ ದೇಶಗಳಿಂದ ಬಂದ ಅಭಿಮಾನಿಗಳನ್ನು ಬಸ್ರಾ ಜನ ಮನೆಗೆ ಕರೆದು ಊಟ ಹಾಕಿ, ಮಲಗಲು ಜಾಗ ಕೊಡುತ್ತಿದ್ದ ವಿಡಿಯೋಗಳನ್ನು. 1990ರಲ್ಲಿ ಇದೇ ಇರಾಕಿನ ಸೈನ್ಯ ನುಗ್ಗಿದ್ದ ಕುವೈತ್‌ನಿಂದಲೂ ಜನ ಬಂದಿದ್ದರು.

2016ರ ಸೋಲಿನ ಹೊಟ್ಟೆಯುರಿ ಆಗಲೂ ಸ್ವಲ್ಪ ಇತ್ತು, ಸುಳ್ಳು ಹೇಳಲ್ಲ. ಆದರೆ ಅವತ್ತಿನ ಫೈನಲ್ ಅವರ ಊರಲ್ಲೇ, ಆ ಜನರ ಮುಂದೆ ನಡೆದಿದ್ದರೆ ನಾವು ಇನ್ನೂ ಮೂರ್ನಾಲ್ಕು ಗೋಲು ಜಾಸ್ತಿ ತಿಂದು ಬರುತ್ತಿದ್ದೆವು. ಊಟ ಮಾತ್ರ ಭರ್ಜರಿ ಸಿಗುತ್ತಿತ್ತು.